ಬಿಡುವುದಾದರೆ ಮೊದಲೇ ಬಿಡಲಿ

ಮಾನ್ಯ ಸಂಪಾದಕರೇ,

ವಯಸ್ಸಾದ ನಾಯಕರು ಚುನಾವಣೆಗೆ ಮೊದಲು ಜಾಗ ಬಿಡಬೇಕೇ ಎಂದರೆ, ಬಿಡಲಿ. ಆದರೆ ಹೊತ್ತಿಗೆ ಸರಿಯಾಗಿ ಬಿಡಲಿ. ಅಮೆರಿಕದ ಆಗಿನ ಅಧ್ಯಕ್ಷ ಜೋ ಬೈಡನ್ 81ನೇ ವಯಸ್ಸಲ್ಲಿ ಮರುಚುನಾವಣೆಯ ಕಣದಿಂದ ಹಿಂದೆ ಸರಿದದ್ದು 2024ರ ಜುಲೈ 21ರಂದು. ಮತದಾನ ನವೆಂಬರ್ 5ಕ್ಕೆ. ಅಷ್ಟೊತ್ತಿಗೆ ಪಕ್ಷದ ಪ್ರೈಮರಿಗಳೆಲ್ಲ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ರಾಜ್ಯ ರಾಜ್ಯಗಳಲ್ಲಿ ನಡೆಯುವ ಮತದಾನಗಳೆಲ್ಲ, ಮುಗಿದಿದ್ದವು. ಅವರ ಬದಲು ಅಭ್ಯರ್ಥಿಯಾದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಬಿಟ್ಟು ಬೇರೆಯವರನ್ನು ತೂಗಿ ನೋಡುವ ಅವಕಾಶವೇ ಮತದಾರರಿಗೆ ಸಿಗಲಿಲ್ಲ. ಬೈಡನ್ ವರ್ಷ ಮೊದಲೇ ಸರಿದಿದ್ದರೆ, ಸೋತ ಅವರ ಪಕ್ಷ ಗೆಲ್ಲುತ್ತಿತ್ತು ಅಂತ ನಾನು ಹೇಳುತ್ತಿಲ್ಲ, ಆಯ್ಕೆಯಾದರೂ ಇರುತ್ತಿತ್ತು ಅಲ್ವಾ?

ನಮ್ಮಲ್ಲಿ 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಸೌಲಭ್ಯ ಕೊಟ್ಟರು. ಸಿಬ್ಬಂದಿ ಬಂದು, ನಮ್ಮ ಅವ್ವನ ಮಂಚದ ಪಕ್ಕ ರಟ್ಟಿನ ಮರೆ ಇಟ್ಟು, ಮತಪತ್ರ ಕೈಗೆ ಕೊಟ್ಟರು. ಅದೇ ವಯಸ್ಸಿನ ಅಭ್ಯರ್ಥಿ ಮಾತ್ರ ಕಲಬುರಗಿಯ ಬೇಸಿಗೆ ಬಿಸಿಲಲ್ಲಿ ತೆರೆದ ಜೀಪಲ್ಲಿ ನಿಂತು ಕೈ ಬೀಸಬೇಕು!

ಇಲ್ಲಿ ಹಿರಿಯರು ಸರಿದರೂ ಟಿಕೆಟ್ ಮಗನಿಗೋ ಅಳಿಯನಿಗೋ ಹೋಗುವುದೇ ಜಾಸ್ತಿ. ಯಾವ ಪಕ್ಷವೂ ಇದಕ್ಕೆ ಹೊರತಲ್ಲ. ಸುಮ್ನೆ ಕೊನೇ ಗಳಿಗೆಯಲ್ಲಿ ಘೋಷಿಸಿದರೆ ಮನೆಯವರಿಗಷ್ಟೇ ಅನುಕೂಲ. ವರ್ಷ ಮೊದಲೇ ಹೇಳಲಿ. ಊರೂರು ಓಡಾಡಿ ಬ್ಯಾನರ್ ಕಟ್ಟಿದ ಕಾರ್ಯಕರ್ತರೂ ಅರ್ಜಿ ಹಾಕಿಕೊಳ್ಳಲಿ.

— ನಿವೃತ್ತ ಶಿಕ್ಷಕ, ಬ್ರಹ್ಮಪುರ, ಕಲಬುರಗಿ