ಪೆಟ್ಟಿಗೆಯ ಮೇಲೆ 75, ಸಿನಿಮಾಕ್ಕೆ 72

ಮಾನ್ಯರೇ,

ಮಾನಿಟರ್ ಕೊಳ್ಳುವವರಿಗೆ ನಿಮ್ಮ ಪತ್ರಿಕೆ ಕೊಟ್ಟ ಸಲಹೆಯಲ್ಲಿ ‘ಹರ್ಟ್ಸ್ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದಿತ್ತು. (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ ಎಂಬ ಲೆಕ್ಕವೇ ಹರ್ಟ್ಸ್.) ಗೇಮ್ ಆಡುವ ಹುಡುಗರಿಗೆ ಅದು ಸರಿ. ಸಿನಿಮಾ ನೋಡುವವರಿಗೆ ಅಷ್ಟು ಸಾಲದು. ಪರೇಲ್ ಕಡೆಯ ಟಾಕೀಸೊಂದರಲ್ಲಿ 31 ವರ್ಷ ಪ್ರೊಜೆಕ್ಟರ್ ಓಡಿಸಿದವನು ನಾನು, ಅದಕ್ಕೇ ಈ ಪತ್ರ.

ಮೊಮ್ಮಗ ಲ್ಯಾಮಿಂಗ್ಟನ್ ರೋಡಿನಿಂದ ಹೊಸ ಮಾನಿಟರ್ ತಂದ. ನನಗೆಂದು ಒಂದು ಕಪ್ಪು-ಬಿಳುಪು ಚಿತ್ರ ಹಾಕಿಕೊಟ್ಟ. ಕ್ಯಾಮೆರಾ ತೆಂಗಿನ ತೋಟದುದ್ದಕ್ಕೂ ಮೆಲ್ಲಗೆ ತಿರುಗುವಾಗ ಮರಗಳು ಸರಾಗ ಸರಿಯದೆ ಕುಂಟುತ್ತಿದ್ದವು. ‘ಅಜ್ಜ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ’ ಎಂದು ನಕ್ಕ. ಪೊರೆ ತೆಗೆಸಿ ಎರಡು ವರ್ಷವಾಯಿತು ಮಾರಾಯ್ರೆ! ಅಂಗಡಿಯವನಿಗೆ ಫೋನ್ ಮಾಡಿದರೆ, ‘ಪಿಚ್ಚರೇ ಹಾಗಿದೆ’ ಎಂದ.

ಪಿಚ್ಚರ್ ಹಾಗಿರಲಿಲ್ಲ. ಟಾಕಿ ಬಂದ ಕಾಲದಿಂದ ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. 35 ಎಂಎಂ ರೀಲಿನ ಲೆಕ್ಕದಲ್ಲಿ ನಿಮಿಷಕ್ಕೆ 90 ಅಡಿ. ನಮ್ಮ ಪ್ರೊಜೆಕ್ಟರಿನಲ್ಲಿ ತಿರುಗುತ್ತಾ ಬೆಳಕನ್ನು ತಡೆದು ಬಿಡುವ ಶಟರಿಗೆ ಎರಡು ರೆಕ್ಕೆ. ಪ್ರತಿ ಫ್ರೇಮೂ ಎರಡು ಸಲ ಮಿಂಚಿ 48 ಆಗುತ್ತಿತ್ತು. ಯಾವ ಫ್ರೇಮಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಮಾನಿಟರ್ ಓಡುತ್ತಿದ್ದುದು 60ರಲ್ಲಿ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಬರುವುದಿಲ್ಲವಲ್ಲ, ಹಾಗಾಗಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡೇ ಸಲ. ಮರಗಳು ಕುಂಟಿದ್ದು ಅದಕ್ಕೆ.

ಪೆಟ್ಟಿಗೆಯ ಮೇಲೆ 75 ಎಂದಿತ್ತು. ಕಂಪ್ಯೂಟರ್ 60ಕ್ಕೇ ನಿಂತಿದೆ ಎಂದು ಅಂಗಡಿಯವನು ಹೇಳಿರಲಿಲ್ಲ. ಮೊಮ್ಮಗ ಗೇಮಿಗೆ 75 ಹಾಕಿಕೊಂಡು ಖುಷಿಪಟ್ಟ. ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಇದ್ದದ್ದು 13.3ಕ್ಕೆ ಇಳಿಯಿತಂತೆ. ಸಿನಿಮಾಕ್ಕೆ ಅದೂ ಆಗದು. 24ರ ಮಗ್ಗಿಯಲ್ಲಿ 75 ಇಲ್ಲ, 72 ಇದೆ. ಆಯ್ಕೆಯ ಪಟ್ಟಿಯಲ್ಲಿ 72 ಇರಲಿಲ್ಲವಾಗಿ, ಗ್ರಾಫಿಕ್ಸ್ ಕಾರ್ಡಿನ ತಂತ್ರಾಂಶವಾದ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲಿನ ಕಸ್ಟಮ್ ರೆಸಲ್ಯೂಶನ್‌ನಲ್ಲಿ ನಾವೇ ಬರೆದು ಟೆಸ್ಟ್ ಒತ್ತಿದೆವು. (ಹುಡುಗ ಆಸೆಗೆ 90 ಕೂಡ ಹಾಕಿ ನೋಡಿದ. ಪರದೆ ಕಪ್ಪಾಗಿ ‘ಔಟ್ ಆಫ್ ರೇಂಜ್’ ಎಂದು ಬಂತು. ನನ್ನ ಎದೆ ಧಸಕ್ಕೆಂದಿತು. ತುಸು ಹೊತ್ತಿಗೆ ತಾನೇ ಹಿಂದಿನದಕ್ಕೆ ಮರಳಿತು.) 72ರಲ್ಲಿ ತೋಟ ಸರಾಗ ಸರಿಯಿತು.

ಆದರೂ ನಡುನಡುವೆ ಒಂದು ಸಣ್ಣ ಎಡವು. ಗಡಿಯಾರ ಹಿಡಿದು ಕೂತೆ: ಸುಮಾರು 14 ಸೆಕೆಂಡಿಗೊಮ್ಮೆ! 1953ರಲ್ಲಿ ಅಮೆರಿಕದವರು ಕಲರ್ ಟಿವಿಗಾಗಿ ತಮ್ಮ ಟಿವಿಯ ಸೆಕೆಂಡಿಗೆ 60 ಎಂಬ ಲೆಕ್ಕವನ್ನು 59.94ಕ್ಕೆ ಇಳಿಸಿದ್ದರ ಬಾಲ ಇದು. ಅದೇ ಪ್ರಮಾಣದಲ್ಲಿ 24 ಕೂಡ ತುಸು ಇಳಿದು, ಡಿಸ್ಕಿಗೆ ಬಂದ ಸಿನಿಮಾಗಳಲ್ಲಿ ಹೆಚ್ಚಿನವು 24 ಅಲ್ಲ, 23.976. ಅದರ ಮೂರು ಪಟ್ಟು 71.928. ಅದನ್ನೇ ತುಂಬಿದೆವು, ಎಡವು ನಿಂತಿತು.

ದೂರದರ್ಶನದ ಹಳೆಯ ಧಾರಾವಾಹಿಗಳು 25ರವು, ಅವಕ್ಕೆ 75 ಚೆನ್ನ. 120, 144ರ ಮಾನಿಟರ್ ಇರುವವರಿಗೆ ಮರ ಕುಂಟುವ ತಾಪತ್ರಯವಿಲ್ಲ, ಎರಡೂ 24ರ ಮಗ್ಗಿಯವೇ. 165 ಇರುವವರು ಮಾತ್ರ ಸಿನಿಮಾ ಹೊತ್ತಿಗೆ 144ಕ್ಕೆ ಇಳಿಸಿಕೊಳ್ಳಲಿ. ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಅಂಗಡಿಯವರು ಪೆಟ್ಟಿಗೆಯ ಮೇಲಿನ ಅಂಕಿಯನ್ನು ಪರದೆಯ ಮೇಲೂ ತೋರಿಸಿಯೇ ಮಾನಿಟರ್ ಮಾರಲಿ. ಮುಂದಿನ ಸಲ ಸಲಹೆ ಕೊಡುವಾಗ ನೀವೂ ಈ ಭಾಗಾಕಾರವನ್ನು ಸೇರಿಸಿ. ನಮ್ಮ ಮನೆಯಲ್ಲಿ ಈಗ ಉಳಿದಿರುವ ಜಗಳ, ಸಿನಿಮಾ ಮುಗಿದ ಮೇಲೆ ನಾನು 75ಕ್ಕೆ ತಿರುಗಿಸಿಡುವುದಿಲ್ಲ ಎಂಬುದು.

– ನಿವೃತ್ತ ಪ್ರೊಜೆಕ್ಟರ್ ಆಪರೇಟರ್, ಘಾಟ್ಕೋಪರ್, ಮುಂಬಯಿ