ಮಾರ್ತ್ಸಾನ್‌ನ ಚಿಗವ್ವನಿಗೆ, ಮತ್ತೆ ನಿಮಗೆಲ್ಲ

ಬರ್ಲಿನ್‌ನ ಮಾರ್ತ್ಸಾನ್ ಬಡಾವಣೆಯಲ್ಲಿ ಉಕ್ರೇನಿನಿಂದ ಬಂದ ನಿರಾಶ್ರಿತರಿಗಾಗಿ ಇದ್ದ ನಮ್ಮ ವಸತಿ ಕೇಂದ್ರ ಕಳೆದ ವಾರ ಮುಚ್ಚಿತು. ಯಾರನ್ನೂ ಹೊರಗೆ ಹಾಕಿ ಮುಚ್ಚಿದ್ದಲ್ಲ, ಅದೇ ಖುಷಿ. ಕೊನೆಯ ಕುಟುಂಬಕ್ಕೂ ಬಾಡಿಗೆ ಮನೆ ಸಿಕ್ಕಿತು. ಬರ್ಲಿನ್‌ನಲ್ಲಿ ಮನೆ ಹುಡುಕಿದವರಿಗೆ ಇದು ಎಂಥ ಸುದ್ದಿ ಅಂತ ಗೊತ್ತು. ತುಂಬ ಜನ ಫೋನ್ ಮಾಡಿದಿರಿ, ಮೆಸೇಜ್ ಹಾಕಿದಿರಿ. ಒಬ್ಬೊಬ್ಬರಿಗೇ ಉತ್ತರ ಬರೆಯುವಷ್ಟು ಶಕ್ತಿ ಈಗ ಇಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೊಸದಾಗಿ ಆದವರಿಗೆ ಎರಡು ಮಾತು. ನಾವು ಕಝಾಕ್‌ಸ್ತಾನದ ಅಲ್ಮಾಟಿಯಲ್ಲಿದ್ದು ಬರ್ಲಿನ್‌ಗೆ ವಾಪಸ್ ಬಂದದ್ದು 2021ರ ಕೊನೆಯಲ್ಲಿ. ನನ್ನ ರಷ್ಯನ್ ಅಲ್ಮಾಟಿಯ ಮಾರ್ಕೆಟ್ಟಿನಲ್ಲಿ, ಪಕ್ಕದ ಮನೆಯವರ ಜೊತೆ, ಮಗಳ ಶಾಲೆಯ ಗೇಟಿನ ಹತ್ತಿರ ನಿಂತು ಕಲಿತದ್ದು. ಇನ್ನು ಮೇಲೆ ಅದರ ಕೆಲಸ ಇಲ್ಲ ಅಂದುಕೊಂಡಿದ್ದೆ. 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಯುದ್ಧ ಶುರುಮಾಡಿತು. ಮಾರ್ಚ್ ಹೊತ್ತಿಗೆ ಬರ್ಲಿನ್‌ನ ಮುಖ್ಯ ನಿಲ್ದಾಣಕ್ಕೆ ಪೋಲೆಂಡ್ ಕಡೆಯಿಂದ ರೈಲಿನ ಮೇಲೆ ರೈಲು. ರಷ್ಯನ್ ಅಥವಾ ಉಕ್ರೇನಿಯನ್ ಬರುವ ಸ್ವಯಂಸೇವಕರಿಗೆ ಕಿತ್ತಳೆ ಬಣ್ಣದ ಜಾಕೆಟ್, ಜರ್ಮನ್, ಇಂಗ್ಲಿಷ್ ಬರುವವರಿಗೆ ಹಳದಿ. ನಾನು ಕಿತ್ತಳೆ ಹಾಕಿಕೊಂಡು ನಿಂತೆ. ಆಮೇಲೆ ಮಾರ್ತ್ಸಾನ್‌ನ ಈ ಕೇಂದ್ರದಲ್ಲಿ ಕೆಲಸ ಸಿಕ್ಕಿತು, ಅದು ಮುಚ್ಚುವ ತನಕ ಅಲ್ಲೇ ಉಳಿದೆ.

ಇನ್ನೊಂದು ಕಾರಣವೂ ಇತ್ತು. ನಾನು ರಾಣೆಬೆನ್ನೂರಿನವಳು. ಆ ಮಾರ್ಚ್ 1ಕ್ಕೆ ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕು ತೀರಿಕೊಂಡ ನವೀನ್ ಶೇಖರಪ್ಪ ಗ್ಯಾನಗೌಡರ್ ನಮ್ಮ ತಾಲ್ಲೂಕಿನ ಚಳಗೇರಿಯ ಹುಡುಗ. ಮೆಡಿಕಲ್ ನಾಲ್ಕನೇ ವರ್ಷ. ತಿನ್ನುವ ಸಾಮಾನು ತರಲು ಅಂತ ಹೊರಗೆ ಹೋದವನು. ಅವತ್ತು ಅವ್ವ ಫೋನಿನಲ್ಲಿ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಕೊನೆಗೆ, "ಅಲ್ಲಿಂದ ಬಂದವರು ಸಿಕ್ಕರ ಬರೀ ಮಾತಾಡಿ ಕಳಸಬ್ಯಾಡ, ಊಟಾ ಹಾಕು" ಅಂದಳು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ನಮ್ಮ ದಿನದ ಕೆಲಸ ಅಂದರೆ ಜಾಸ್ತಿ ಕಾಗದದ ಕೆಲಸ. 2022ರ ಮಾರ್ಚ್ 4ಕ್ಕೆ ಯುರೋಪಿಯನ್ ಒಕ್ಕೂಟ ಉಕ್ರೇನಿನಿಂದ ಬಂದವರಿಗೆ ತಾತ್ಕಾಲಿಕ ರಕ್ಷಣೆ ಕೊಟ್ಟಿತು. 2001ರಿಂದ ಇದ್ದ ಕಾನೂನು, ಅಲ್ಲಿಯ ತನಕ ಒಮ್ಮೆಯೂ ಬಳಸಿರಲಿಲ್ಲ. ಇವರು ಆಶ್ರಯಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿರಲಿಲ್ಲ, ಅದು ದೊಡ್ಡದು. ಆದರೆ ವಿಳಾಸ ನೋಂದಣಿ ಆಗದೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದೆ ದುಡ್ಡು ಬರುವುದಿಲ್ಲ, ಮಗುವಿಗೆ ಲಸಿಕೆಯ ಚೀಟಿ ಇಲ್ಲದಿದ್ದರೆ ಶಿಶುವಿಹಾರ ಇಲ್ಲ. ಒಂದು ಕಾಗದ ಇನ್ನೊಂದನ್ನು ಕೇಳುತ್ತದೆ, ಅದು ಮತ್ತೊಂದನ್ನು. ಸರ್ಕಾರಿ ಕಚೇರಿಯ ಹಳದಿ ಲಕೋಟೆ ಬಂದರಂತೂ ಮುಗಿಯಿತು, ಬಿಚ್ಚುವ ಮೊದಲೇ ಕೈ ನಡುಗುತ್ತಾ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. ಮಕ್ಕಳು ಬೆಳಿಗ್ಗೆ ಇಲ್ಲಿನ ಶಾಲೆಗೆ ಹೋಗಿ ಬಂದು, ಮಧ್ಯಾಹ್ನ ಊಟದ ಕೋಣೆಯಲ್ಲಿ ಫೋನ್ ಎದುರಿಗಿಟ್ಟುಕೊಂಡು ಉಕ್ರೇನಿನ ಶಾಲೆಯ ಪಾಠ ಕೇಳುತ್ತಿದ್ದರು. ಎರಡು ದೇಶದ ಹೋಮ್‌ವರ್ಕ್, ಒಂದೇ ಮೇಜು. ಆ ಮಕ್ಕಳಿಗೆ ನಾನು ಕೈ ಮುಗಿಯುತ್ತೇನೆ.

ಮಾತಿನ ವಿಷಯವೂ ಸುಲಭ ಇರಲಿಲ್ಲ. ಖಾರ್ಕಿವ್‌ನವರು, ಮರಿಯುಪೋಲ್‌ನವರು ಹೆಚ್ಚಿನವರು ಹುಟ್ಟಿನಿಂದ ಮನೆಯಲ್ಲಿ ರಷ್ಯನ್ ಆಡಿದವರೇ. ಅದೇ ಭಾಷೆಯ ಸೈನ್ಯ ತಮ್ಮ ಬೀದಿಯ ಮೇಲೆ ಬಾಂಬು ಹಾಕಿದ ಮೇಲೆ ಕೆಲವರಿಗೆ ಅದನ್ನು ಬಾಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ನಾನು ರಷ್ಯನ್‌ನಲ್ಲಿ ಕೇಳಿದರೆ ಅವರು ಉಕ್ರೇನಿಯನ್‌ನಲ್ಲಿ ಉತ್ತರ ಕೊಡುತ್ತಿದ್ದರು. ನನಗಾಗಿ ನಿಧಾನಕ್ಕೆ ಹೇಳುತ್ತಿದ್ದರು. ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಕೂಡ ತಾಳ್ಮೆಯಿಂದ ಹಾಗೇ ಹೇಳಿದರು.

ಈಗ ಧನ್ಯವಾದ. ನಿಲ್ದಾಣದ ದಿನಗಳಿಂದ ಜೊತೆಗಿದ್ದ ಸಹೋದ್ಯೋಗಿಗಳಿಗೆ, 1990ರ ದಶಕದಲ್ಲಿ ಕಝಾಕ್‌ಸ್ತಾನದಿಂದ ಬಂದು ಮಾರ್ತ್ಸಾನ್‌ನಲ್ಲಿ ನೆಲೆಸಿದ, ವಾರ ತಪ್ಪದೆ ಬಕ್‌ವೀಟ್ ಧಾನ್ಯ, ಸೋಪು, ಹೊಲಿಗೆ ದಾರ ಹೊತ್ತು ತರುತ್ತಿದ್ದ ಆ ಅಜ್ಜಿಯಂದಿರಿಗೆ, ಕೋಟು, ಕುಕ್ಕರ್, ಸ್ಕೂಲ್ ಬ್ಯಾಗ್ ಕೊಟ್ಟ ಬರ್ಲಿನ್‌ನ ಕನ್ನಡದ ಗೆಳೆಯರಿಗೆ, ನಾನು ಮನೆಗೆ ಬಂದು ಮಾತಾಡದೆ ಮಲಗಿದ ದಿನಗಳಲ್ಲಿ ಏನೂ ಕೇಳದೆ ಅನ್ನ ಬಡಿಸಿಟ್ಟ ನನ್ನ ಗಂಡನಿಗೆ, ಮಗಳಿಗೆ, ತುಂಬ ತುಂಬ ಧನ್ಯವಾದ. ನಮ್ಮ ರಾತ್ರಿ ಕಾವಲಿನ ಅಣ್ಣನಿಗೂ. 2015ರಲ್ಲಿ ಸಿರಿಯಾದಿಂದ ಬಂದವರು. ಹೊಸಬರು ಯಾವ ಪ್ರಶ್ನೆ ಕೇಳುತ್ತಾರೆ ಅಂತ ಅವರಿಗೆ ಕೇಳುವ ಮೊದಲೇ ಗೊತ್ತಿರುತ್ತಿತ್ತು.

ಇನ್ನು ಚಿಗವ್ವ. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಒಂದು ದಿನ ಬಾಯಿಗೆ ಬಂದ ಹಾಗೆ ಚಿಗವ್ವ ಅಂದೆ, ಅವರಿಗೆ ಹಿಡಿಸಿತು, ಆಮೇಲೆ ಕೇಂದ್ರದ ಮಕ್ಕಳೆಲ್ಲ ಹಾಗೇ ಕರೆದರು. ಖಾರ್ಕಿವ್‌ನ ಸಾಲ್ತಿವ್ಕಾ ಬಡಾವಣೆಯವರು. ಅಲ್ಲಿ ಟ್ರಾಮ್ ಓಡಿಸುತ್ತಿದ್ದರು, ಜೀವನಪೂರ್ತಿ ಅದೇ ಕೆಲಸ. ನಾನು ಭಾರತದವಳು ಅಂದಾಗ ಅವರ ಮೊದಲ ಮಾತು, "ನಿಮ್ಮ ಹುಡುಗರು ನನ್ನ ಗಾಡಿಯಲ್ಲಿ ಬರುತ್ತಿದ್ದರು. ದಪ್ಪ ದಪ್ಪ ಪುಸ್ತಕ ಹಿಡಿದುಕೊಂಡು ನಿದ್ದೆ ಹೋಗಿಬಿಡುತ್ತಿದ್ದರು. ಸ್ಟಾಪ್ ಬಂದರೆ ನಾನೇ ಗಂಟೆ ಹೊಡೆದು ಎಬ್ಬಿಸುತ್ತಿದ್ದೆ." ಚಳಗೇರಿಯ ಹುಡುಗನ ವಿಷಯ ಹೇಳಿದೆ. ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡರು. ಖಾರ್ಕಿವ್‌ನಲ್ಲಿ ಓಡುವ ಟಾಟ್ರಾ ಕಂಪನಿಯ ಟ್ರಾಮುಗಳೇ ಒಂದು ಕಾಲದಲ್ಲಿ ಮಾರ್ತ್ಸಾನ್‌ನಲ್ಲೂ ಓಡುತ್ತಿದ್ದವು. ಬರ್ಲಿನ್ ಅವನ್ನು 2021ರಲ್ಲಿ ನಿಲ್ಲಿಸಿತು. ಅದನ್ನು ಕೇಳಿ ಅವರಿಗೆ ನಿಜವಾಗಿ ಬೇಜಾರಾಯಿತು. ನಮ್ಮ ಉಪ್ಪಿಟ್ಟನ್ನು ಮೊದಲ ಸಲ ತಿಂದಾಗಲೂ ಮುಖ ನೋಡಬೇಕಿತ್ತು. ಅವರ ಕಡೆ ರವೆಯನ್ನು ಹಾಲು ಸಕ್ಕರೆ ಹಾಕಿ ಮಕ್ಕಳಿಗೆ ಬೇಯಿಸಿ ಕೊಡುತ್ತಾರೆ. ಸಾಸಿವೆ, ಹಸಿಮೆಣಸು ಯಾರೂ ಹಾಕುವುದಿಲ್ಲ. ಎರಡನೇ ಸಲ ತಟ್ಟೆ ಚಾಚಿದರು.

ನಮ್ಮ ಕೇಂದ್ರದಲ್ಲಿ ಸಾಲ್ತಿವ್ಕಾದ ಒಬ್ಬ ಅಜ್ಜ ಮಗಳ ಜೊತೆ ಇದ್ದರು. ಅವರು ಕಾಣೆಯಾದ ರಾತ್ರಿಯ ವಿಷಯ ನಿಮ್ಮಲ್ಲಿ ಕೆಲವರಿಗೆ ಅರ್ಧ ಗೊತ್ತು. ಅಜ್ಜನ ಮಗಳ ಒಪ್ಪಿಗೆ ಕೇಳಿಯೇ ಪೂರ್ತಿ ಬರೆಯುತ್ತಿದ್ದೇನೆ.

ಜನವರಿ. ಸೊನ್ನೆಗಿಂತ ಕೆಳಗಿನ ಚಳಿ. ಮಗಳು ರಾತ್ರಿಪಾಳಿಯ ಕ್ಲೀನಿಂಗ್ ಕೆಲಸಕ್ಕೆ ಹೋಗಿದ್ದಳು. ಮರೆವಿನ ಕಾಯಿಲೆಯ ಅಜ್ಜ ಕೋಣೆಯಲ್ಲಿ ಇಲ್ಲ. ಪೊಲೀಸರಿಗೆ ಹೇಳಿದೆವು, ಅವರು ಬಂದು ಫೋಟೋ ತೆಗೆದುಕೊಂಡು ಹುಡುಕಲು ಹೋದರು. ಅಜ್ಜ ತಾವಾಗಿಯೇ ತಿರುಗಿ ಬಂದರೆ ಅಂತ ಕಾವಲಿನ ಅಣ್ಣ ಬಾಗಿಲಲ್ಲಿ ನಿಂತರು. ಚಿಗವ್ವ ನೈಟಿಯ ಮೇಲೆ ಕೋಟು ಹಾಕಿಕೊಂಡು ಕೆಳಗೆ ಇಳಿದು ಬಂದು, ಏನು ಹಾಕಿಕೊಂಡು ಹೋಗಿದ್ದಾರೆ ಅಂತ ಕೇಳಿದರು. ಕಿವಿ ಮುಚ್ಚುವ ಟೊಪ್ಪಿ, ಒಳ್ಳೆಯ ಬೂಟು. ಕೀಲಿ? ಹೋಗಿ ನೋಡಿದೆ, ಸಾಲ್ತಿವ್ಕಾದಿಂದ ತಂದಿದ್ದ ಕೀಲಿಗೊಂಚಲು ಮೊಳೆಯ ಮೇಲೆ ಇರಲಿಲ್ಲ.

"ಹಾಗಾದರೆ ಮನೆಗೆ ಹೊರಟಿದ್ದಾರೆ. ಅವರ ಮನೆ ಕೊನೆಯ ಸ್ಟಾಪಿನ ಹತ್ತಿರ. ಹಳಿ ಹಿಡಿದೇ ಹೋಗಿರುತ್ತಾರೆ, ನಡಿ."

ಮಾರ್ತ್ಸಾನ್ ನೋಡದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಕಾರ್ಖಾನೆಯಲ್ಲಿ ಕಾಂಕ್ರೀಟಿನ ಗೋಡೆ ಎರಕ ಹೊಯ್ದು, ತಂದು, ಒಂದರ ಮೇಲೊಂದು ಜೋಡಿಸಿದ ಎತ್ತರದ ಮನೆಗಳು, ಸಾಲು ಸಾಲು, ನಡುವೆ ಟ್ರಾಮಿನ ಹಳಿ. ಸಾಲ್ತಿವ್ಕಾ ಕೂಡ ಹಾಗೇ. ಹಗಲಲ್ಲೇ ಕೆಲವರಿಗೆ ಒಂದು ಕ್ಷಣ ಗಲಿಬಿಲಿ ಆಗುತ್ತಿತ್ತು. ರಾತ್ರಿ, ಅದೂ ಆ ಅಜ್ಜನಿಗೆ, ಇದು ಅವರ ಊರೇ.

ನಾವಿಬ್ಬರೂ ಎಂ8 ಟ್ರಾಮಿನ ಹಳಿ ಹಿಡಿದು ಆರೆನ್ಸ್‌ಫೆಲ್ಡೆ ಕಡೆಗೆ ನಡೆದೆವು. ರಾತ್ರಿ ಹೊತ್ತು ಗಾಡಿ ಅರ್ಧ ಗಂಟೆಗೊಂದು. ಪ್ರತಿ ಗಾಡಿ ಸ್ಟಾಪಿಗೆ ಬಂದಾಗಲೂ ಚಿಗವ್ವ ಮುಂದಿನ ಬಾಗಿಲಿಗೆ ಹೋಗಿ ತಮ್ಮ ಹಳೆಯ ಗುರುತಿನ ಚೀಟಿ ತೋರಿಸುತ್ತಿದ್ದರು. ಮೂಲೆ ಸವೆದ, ಪ್ಲಾಸ್ಟಿಕ್ ಕವರಿನ ಚೀಟಿ, ಒಳಗೆ ಖಾರ್ಕಿವ್ ಸಾರಿಗೆಯ ಮೊಹರು, ಗಿಡ್ಡ ಕೂದಲಿನ ಎಳೆಯ ಹುಡುಗಿಯ ಫೋಟೋ. ಬರುತ್ತಿದ್ದ ನಾಲ್ಕಾರು ಜರ್ಮನ್ ಮಾತಿನಲ್ಲಿ, "ನಾನೂ ಡ್ರೈವರ್. ಅಜ್ಜ. ಟೊಪ್ಪಿ. ಕಾಯಿಲೆ" ಅನ್ನುತ್ತಿದ್ದರು. ನಾನು ಬಾಯಿ ಹಾಕುವ ಮೊದಲೇ ಆ ಕಡೆಯವರಿಗೆ ಅರ್ಥವಾಗಿಬಿಡುತ್ತಿತ್ತು. ಒಬ್ಬ ಚಾಲಕಿ ತಕ್ಷಣ ಕಂಟ್ರೋಲ್ ರೂಮಿಗೆ ತಿಳಿಸಿದರು. ಆ ಮೇಲಿನ ಗಾಡಿಯವರು, ಅಂಥವರೊಬ್ಬರನ್ನು ಕೊನೆಯ ಸ್ಟಾಪಿನಲ್ಲಿ ಇಳಿಸಿದ್ದೇನೆ, ಹತ್ತಿ ಅಂದರು. ಆ ಇಬ್ಬರಿಗೂ ನನ್ನ ನಮಸ್ಕಾರ.

ಅಜ್ಜ ಸಿಕ್ಕರು. ಒಂದು ಎತ್ತರದ ಕಟ್ಟಡದ ಬಾಗಿಲಲ್ಲಿ ನಿಂತು ಕೀಲಿ ಹಾಕಿ ತಿರುಗಿಸುತ್ತಿದ್ದರು. ಕೈಗವಸು ಇಲ್ಲ, ಬೆರಳು ನೀಲಿಗಟ್ಟಿದ್ದವು. ಒಂದು ಕೀಲಿ ಆಗದಿದ್ದರೆ ಇನ್ನೊಂದು, ಅದಾಗದಿದ್ದರೆ ಮತ್ತೆ ಮೊದಲನೆಯದು. ನಾನು ಓಡಿಹೋಗಿ ಹಿಡಿಯಬೇಕು ಅಂತಿದ್ದೆ, ಚಿಗವ್ವ ನನ್ನ ತೋಳು ಹಿಡಿದು ನಿಲ್ಲಿಸಿದರು. ಪಕ್ಕದ ಮನೆಯವರು ಸಿಕ್ಕ ಹಾಗೆ ಆರಾಮವಾಗಿ ಹೋಗಿ ಹೇಳಿದರು, "ಅಯ್ಯೋ, ನಿಮಗೆ ಯಾರೂ ಹೇಳಲಿಲ್ವಾ? ಲಿಫ್ಟೂ ಕೆಟ್ಟಿದೆ, ಬಾಗಿಲಿನ ಬೀಗವೂ ಕೆಟ್ಟಿದೆ. ರಿಪೇರಿಯವನು ಬರುವುದು ಬೆಳಿಗ್ಗೆಯೇ. ಅಲ್ಲೀತನಕ ನಮ್ಮಲ್ಲಿ ಬಂದು ಚಹಾ ಕುಡೀರಿ." ಅಜ್ಜ ಸ್ವಲ್ಪ ಹೊತ್ತು ಯೋಚಿಸಿದರು. ಈ ಮನೆಗಳ ಕಥೆ ಯಾವಾಗಲೂ ಇಷ್ಟೇ ಅಂತ ಬೈದುಕೊಂಡು ಕೀಲಿ ಜೇಬಿಗೆ ಹಾಕಿದರು. ವಾಪಸ್ ಬರುವಾಗ ಟ್ರಾಮಿನಲ್ಲಿ ಅವರ ಎರಡೂ ಕೈಯನ್ನು ತಮ್ಮ ಕೋಟಿನೊಳಗೆ ಇಟ್ಟುಕೊಂಡು, ಚಿಗವ್ವ ದಾರಿಯುದ್ದಕ್ಕೂ ಸಾಲ್ತಿವ್ಕಾದ ಮಾತೇ ಆಡಿದರು.

ಆಸ್ಪತ್ರೆ, ಡಾಕ್ಟರ್ ಎಲ್ಲ ಮುಗಿದು ನಾನು ಕೇಂದ್ರದ ಅಡುಗೆಮನೆಗೆ ಬಂದಾಗ ಇನ್ನೂ ಕತ್ತಲು. ನಮ್ಮ ಅಪ್ಪನಿಗೂ ಮರೆವಿನ ಕಾಯಿಲೆಯೇ, ಆ ವಿಷಯ ನಿಮಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಅಪ್ಪ ಹೋಗಿ ಆಗ ತಿಂಗಳೂ ಆಗಿರಲಿಲ್ಲ. ನಾನು ನೆಲದ ಮೇಲೆ ಕೂತು ಅತ್ತೆ. ಮೆಲ್ಲಗೆ ಅಲ್ಲ, ಊರಲ್ಲಿ ಅಂಗಳದಲ್ಲಿ ಅಳುತ್ತಾರಲ್ಲ, ಹಾಗೆ. ಊರಿಗೆ ಹೋಗಿದ್ದಾಗ ಕೂಡ ಹಾಗೆ ಅತ್ತಿರಲಿಲ್ಲ. ಚಿಗವ್ವ ಮಕ್ಕಳು ಏಳಬಾರದು ಅಂತ ಬಾಗಿಲು ಹಾಕಿ, ಮಂಡಿನೋವಿದ್ದರೂ ನನ್ನ ಪಕ್ಕ ನೆಲದ ಮೇಲೇ ಕೂತರು. ಸಮಾಧಾನ ಮಾಡಿಕೋ ಅನ್ನಲಿಲ್ಲ. ನಮ್ಮದು ನೋಡು, ನಿನ್ನದೇನು ಮಹಾ ಅಂತ ಅವರು ಅಂದಿದ್ದರೂ ನಡೆಯುತ್ತಿತ್ತು, ಮನೆ, ಊರು ಎಲ್ಲ ಕಳೆದುಕೊಂಡವರು. ಅದನ್ನೂ ಅನ್ನಲಿಲ್ಲ. ನನ್ನ ಅಳು ನಿಂತ ಮೇಲೆ ಒಂದೇ ಪ್ರಶ್ನೆ ಕೇಳಿದರು. "ನಿಮ್ಮಪ್ಪ ಎಲ್ಲಿಗೆ ಹೊರಡುತ್ತಿದ್ದರು?"

ಬೀಜದ ಅಂಗಡಿಗೆ ಅಂದೆ. ಅಂಗಡಿ ಮಾರಿ ಎಷ್ಟೋ ವರ್ಷವಾಗಿತ್ತು. ಅಪ್ಪ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಮುಂಗಾರು ಬಂತು, ರೈತರು ಕಾಯ್ತಿರ್ತಾರ ಅಂತ ಹೊರಡುತ್ತಿದ್ದರು. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಬಸ್ ಸ್ಟ್ಯಾಂಡ್ ತನಕ ನಡೆದು, ಒಂದು ಚಹಾ ಕುಡಿಸಿ, ಇವತ್ತ ಅಂಗಡಿ ಸೂಟಿ ಅದ ಅಪ್ಪಾ, ನಾಳೆ ಹೋಗೂಣು ಅಂತ ಕರೆದುಕೊಂಡು ಬರುತ್ತಿದ್ದ. ಮರುದಿನ ಮತ್ತೆ. ಮಳೆ ಇರಲಿ, ಬಿಸಿಲಿರಲಿ. ಇಲ್ಲಿ ಕೂತ ನನಗೆ ಅದು ಫೋನಿನಲ್ಲಿ ಕೇಳುವ ಸುದ್ದಿ ಆಗಿತ್ತು. ಅಜ್ಜನ ಆ ನೀಲಿಗಟ್ಟಿದ ಬೆರಳು ನೋಡಿದ ಮೇಲೆ ಅಣ್ಣ ದಿನಾ ಬೆಳಿಗ್ಗೆ ಏನು ಮಾಡುತ್ತಿದ್ದ ಅಂತ ಗೊತ್ತಾಯಿತು.

ಚಿಗವ್ವ ಎಲ್ಲ ಕೇಳಿ, "ನಿಮ್ಮಣ್ಣ ದೊಡ್ಡ ಕೆಲಸ ಮಾಡಿದ್ದಾನೆ. ಅವನಿಗೆ ಯಾರಾದರೂ ಹೇಳಿದ್ದೀರಾ?" ಅಂದರು. ಆಮೇಲೆ ಎದ್ದು ಆಲೂಗಡ್ಡೆಯ ಚೀಲ ನನ್ನ ಮುಂದೆ ಇಟ್ಟರು. ಬೆಳಗಾಗುವ ತನಕ ಇಬ್ಬರೂ ಸಿಪ್ಪೆ ತೆಗೆದೆವು.

ಅಣ್ಣಾ, ನೀನು ಮಾಡಿದ್ದು ದೊಡ್ಡ ಕೆಲಸ. ವೈನಿಯದೂ ಅಷ್ಟೇ. ಇದನ್ನ ಅವ್ವನಿಗೂ ಓದಿ ಹೇಳು.

ಅಜ್ಜ ಈಗ ಮಗಳ ಜೊತೆ ಲಿಖ್ಟೆನ್‌ಬರ್ಗ್‌ನಲ್ಲಿದ್ದಾರೆ, ಹಗಲು ಹೊತ್ತು ರಷ್ಯನ್ ಬರುವ ಒಬ್ಬರು ಬಂದು ನೋಡಿಕೊಳ್ಳುತ್ತಾರೆ. ಚಿಗವ್ವನಿಗೆ ಒಂದು ಕೋಣೆಯ ಮನೆ ಸಿಕ್ಕಿದೆ, ಕಿಟಕಿಯಿಂದ ಹಳಿ ಕಾಣುವ ಮನೆಯೇ ಬೇಕು ಅಂತ ಹಟ ಹಿಡಿದು ತೆಗೆದುಕೊಂಡರು. ಜರ್ಮನ್ ಕ್ಲಾಸ್ ಬಿಟ್ಟಿಲ್ಲ. ಅವರನ್ನು ನೋಡಬೇಕು ಅನ್ನುವವರು ನನಗೆ ಹೇಳಿ, ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತಾರೆ, ಬರಿಗೈಲಿ ಹೋದರೂ ಊಟ ಹಾಕದೆ ಕಳಿಸುವುದಿಲ್ಲ.

ಕೇಂದ್ರಕ್ಕೆ ನೀವು ಕೊಟ್ಟಿದ್ದ ಕುಕ್ಕರುಗಳು, ಮಕ್ಕಳ ಚಳಿಕೋಟುಗಳು, ಎರಡು ಹೊಲಿಗೆ ಯಂತ್ರ ನಮ್ಮ ಮನೆಯ ನೆಲಮಾಳಿಗೆಯಲ್ಲಿವೆ. ವಾಪಸ್ ಬೇಕಾದವರು ಈ ತಿಂಗಳೊಳಗೆ ತಿಳಿಸಿ. ಉಳಿದದ್ದನ್ನು ಬೇರೆ ವಸತಿ ಕೇಂದ್ರಕ್ಕೆ ಕೊಡುತ್ತೇನೆ, ಅಲ್ಲಿ ಇನ್ನೂ ಜನ ಬರುತ್ತಲೇ ಇದ್ದಾರೆ.