ಐಹೊಳೆಗೆ ಒಂದು ದಿನ ಪೂರ್ತಿ ಕೊಡಿ

ಡಿಸೆಂಬರ್ ರಜೆಗೆ ವಿದೇಶದಿಂದ ಊರಿಗೆ ಹೊರಡುವವರ ಪ್ರವಾಸದ ಪಟ್ಟಿಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಒಂದೇ ದಿನಕ್ಕೆ ತುರುಕಿಕೊಂಡಿರುತ್ತವೆ. ಬೆಳಿಗ್ಗೆ ಗುಹೆಗಳು, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ನಾಲ್ಕಕ್ಕೆ ಐಹೊಳೆ. ದುರ್ಗ ಗುಡಿಯ ಮುಂದೆ ಒಂದು ಗುಂಪು ಫೋಟೊ, ಲಾಡಖಾನ್ ಗುಡಿಯೊಳಗೆ ಒಂದು ಸುತ್ತು, ಅಲ್ಲಿಗೆ ಮುಗಿಯಿತು. ಹೀಗೆ ಹೋದವರಿಗೆ ಐಹೊಳೆಯ ಜೈನ ನೆಲೆಗಳಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಅವು ಟಿಕೆಟಿನ ಆವರಣದ ಹೊರಗೆ, ಗುಡ್ಡದ ಮೇಲೆ ಮತ್ತು ಊರ ಮನೆಗಳ ನಡುವೆ ಚದುರಿಕೊಂಡಿವೆ. ಕುಟುಂಬದಲ್ಲಿ ಎರಡೇ ದಿನ ಸಿಕ್ಕಿದ್ದರೆ ಬಾದಾಮಿ, ಪಟ್ಟದಕಲ್ಲುಗಳನ್ನು ಮೊದಲ ದಿನ ಮುಗಿಸಿ, ಎರಡನೆಯದನ್ನು ಇಡಿಯಾಗಿ ಐಹೊಳೆಗೇ ಬಿಡಿ.

ವಸತಿಗೆ ಬಾದಾಮಿಯೇ ಅನುಕೂಲ. ಅಲ್ಲಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಐಹೊಳೆ 35 ಕಿ.ಮೀ. ಆಸುಪಾಸು. ಒಂದು ಎಚ್ಚರಿಕೆ: ಬನದ ಹುಣ್ಣಿಮೆಗೆ, ಅಂದರೆ ಹೆಚ್ಚಾಗಿ ಜನವರಿಯಲ್ಲಿ, ಬನಶಂಕರಿ ಜಾತ್ರೆ. ತೇರು ಒಂದು ದಿನದ್ದಾದರೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಬೀಡು ಬಿಟ್ಟಿರುತ್ತವೆ. ಜಾತ್ರೆ ನೋಡಬೇಕೆಂದೇ ಹೊರಟವರಿಗೆ ಇದು ಸುಗ್ಗಿ. ಉಳಿದವರು ಪಂಚಾಂಗ ನೋಡಿ ತಾರೀಖು ಗೊತ್ತುಮಾಡುವುದು ಒಳ್ಳೆಯದು, ಆಗ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ಶುಕ್ರವಾರವೂ ಬೇಡ. ಐಹೊಳೆಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ಗುಡ್ಡದ ಮೇಲಿನ ಜೈನ ಗುಡಿ ಮೇಗುತಿಯ ಅಂಬಿಕೆ ಎಂಬ ಯಕ್ಷಿಯ ವಿಗ್ರಹ ಈಗ ಇರುವುದು ಅದರೊಳಗೆ. ಗುಡಿ ನೋಡಿ ವಿಗ್ರಹ ನೋಡದೆ ಬಂದರೆ ಅರ್ಧ ನೋಡಿದಂತೆ.

ದಿನವನ್ನು ಗುಡ್ಡದಿಂದಲೇ ಶುರುಮಾಡಿ. ಮೇಗುತಿ ದೊಡ್ಡ ಗುಡ್ಡವೇನಲ್ಲ, ಮೆಟ್ಟಿಲುಗಳಿವೆ. ಆದರೆ ಮೇಲೆ ನೆರಳೂ ಇಲ್ಲ, ನೀರೂ ಇಲ್ಲ. ಚಳಿಗಾಲದಲ್ಲೂ ತಲೆಗೆ ಒಂದು ಲೀಟರ್ ನೀರು ಬೇಕು. ಮಾರ್ಚ್ ದಾಟಿದ ಮೇಲೆ ಹೋಗುವವರು ಎರಡು ಲೀಟರ್ ಒಯ್ಯಲಿ, ಹತ್ತರೊಳಗೆ ಇಳಿದುಬಿಡಲಿ. ಮಂಡಿನೋವಿನ ಹಿರಿಯರನ್ನು ಬಲವಂತದಿಂದ ಹತ್ತಿಸಬೇಡಿ. ಕೆಳಗೆ ದುರ್ಗ ಗುಡಿಯ ಆವರಣದಲ್ಲಿ ಮರದ ನೆರಳಿದೆ, ಶೌಚಾಲಯವಿದೆ. ದಾರಿಯಲ್ಲಿ, ತುದಿಗಿಂತ ತುಸು ಕೆಳಗೆ, ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಉಸಿರು ಹಾಕಿಕೊಳ್ಳಲು ಅದರ ಕಂಬಸಾಲೆಯೇ ತಕ್ಕ ಜಾಗ.

ಮೇಲಿನ ಜಿನಾಲಯವನ್ನು ನೋಡುವ ಮುನ್ನ ಅದರ ಪೂರ್ವದ ಹೊರಗೋಡೆಗೆ ಹೋಗಿ. ಶಕ 556, ಅಂದರೆ ಕ್ರಿ.ಶ. 634ರ ಶಾಸನ ಅಲ್ಲಿದೆ. ಭಾಷೆ ಸಂಸ್ಕೃತ, ಕವಿ ರವಿಕೀರ್ತಿ. ಇಮ್ಮಡಿ ಪುಲಿಕೇಶಿ ಬನವಾಸಿಯನ್ನು ಮುತ್ತಿದ್ದು, ಗಂಗರೂ ಆಳುಪರೂ ಮಣಿದದ್ದು, ಹರ್ಷನ ಹರ್ಷ ಅಳಿದದ್ದು, ಪಲ್ಲವರ ದೊರೆ ಕಾಂಚಿಯ ಕೋಟೆಯೊಳಗೆ ಅವಿತದ್ದು, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಎಷ್ಟೋ ಸಂಗತಿಗಳ ಮೂಲ ಈ ಒಂದು ಗೋಡೆ. ಈ ಕಲ್ಲಿನ ಜಿನಮಂದಿರವನ್ನು ಕಟ್ಟಿಸಿದವನು ತಾನೇ ಎಂದು ಕೊನೆಯಲ್ಲಿ ಹೇಳಿಕೊಳ್ಳುವ ರವಿಕೀರ್ತಿ, ಕವಿತೆಯಲ್ಲಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂದೂ ಸೇರಿಸುತ್ತಾನೆ. ಸಂಕೋಚದ ಮನುಷ್ಯನಲ್ಲ. ಆ ಜಂಭದಿಂದ ಸಾಹಿತ್ಯ ಚರಿತ್ರೆಗೆ ಲಾಭವಾಯಿತು: ಆ ಇಬ್ಬರೂ 634ಕ್ಕಿಂತ ಈಚಿನವರಲ್ಲ ಎಂಬುದಕ್ಕೆ ತಾರೀಖು ಸಮೇತ ಸಾಕ್ಷಿ ಸಿಕ್ಕಿತು.

ಅಕ್ಷರಗಳು ಸವೆದಿವೆ, ಹಾಗಾಗಿ ಬೆಳಕು ಮುಖ್ಯ. ಮುಂಜಾನೆಯ ಬಿಸಿಲು ಪೂರ್ವದ ಗೋಡೆಗೆ ನೇರ ಬಡಿಯುವುದರಿಂದ ಕೊರೆದ ಗೆರೆಗಳಲ್ಲಿ ನೆರಳೇ ಹುಟ್ಟುವುದಿಲ್ಲ, ಫೋಟೊದಲ್ಲಿ ಬರಿಯ ಕಲ್ಲು ಬರುತ್ತದೆ. ಡಿಸೆಂಬರ್ ಜನವರಿಯಲ್ಲಿ ಹನ್ನೊಂದರ ಸುಮಾರಿಗೆ ಸೂರ್ಯ ದಕ್ಷಿಣಕ್ಕೆ ಸರಿದು ಗೋಡೆಯನ್ನು ಓರೆಯಾಗಿ ಸವರುತ್ತಾನೆ. ಆಗ ಅಕ್ಷರ ಎದ್ದು ನಿಲ್ಲುತ್ತವೆ. ಮಧ್ಯಾಹ್ನದ ಮೇಲೆ ಗೋಡೆ ಪೂರ್ತಿ ನೆರಳಿಗೆ ಹೋಗುತ್ತದೆ. ಬೆರಳಾಡಿಸಿ ಓದಲು, ಸೀಮೆಸುಣ್ಣ ಅಥವಾ ನೀರು ಸವರಿ ಅಕ್ಷರ ಮೂಡಿಸಲು ಯಾರೂ ಹೋಗಬಾರದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ಗುಡಿಯ ಹೊರಗೋಡೆಯ ಗೂಡುಗಳು ಹಲವು ಖಾಲಿ, ಕೆತ್ತಲೆಂದು ಬಿಟ್ಟ ಕಲ್ಲುಗಳು ಹಾಗೇ ಉಳಿದಿವೆ. ಕೆಲಸ ಮುಗಿಯಲೇ ಇಲ್ಲ. ಗುಡಿಯ ಹಿಂದಿನ ಬಯಲಿನಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳಿವೆ. ಹತ್ತಿದ ಮೇಲೆ ಇನ್ನೊಂದು ಅರ್ಧ ಗಂಟೆ ಅವಕ್ಕೂ ಇರಲಿ.

ಗುಡ್ಡದ ಇನ್ನೊಂದು ಮಗ್ಗುಲಿನ ಜೈನ ಗುಹೆಗೆ ದಾರಿ ಬೇರೆ. ಊರಲ್ಲಿ ಮೀನ ಬಸದಿ ಎಂದು ಕೇಳಿದರೆ ತೋರಿಸುತ್ತಾರೆ. ಬಾಗಿಲು ಮುಚ್ಚಿದ್ದರೆ ದುರ್ಗ ಗುಡಿಯ ಬಳಿಯ ಕಾವಲುಗಾರರನ್ನು ವಿಚಾರಿಸಿ. ಪಡಸಾಲೆಯ ಗೋಡೆಗಳಲ್ಲಿ ಹೆಡೆಯಡಿಯ ಪಾರ್ಶ್ವನಾಥ ಮತ್ತು ಬಳ್ಳಿ ಸುತ್ತಿಕೊಂಡ ಬಾಹುಬಲಿ ಇದ್ದಾರೆ. ಮೊದಲ ದಿನ ಬಾದಾಮಿಯ ನಾಲ್ಕನೇ ಗುಹೆಯಲ್ಲಿ ಇದೇ ಇಬ್ಬರನ್ನು ನೋಡಿರುತ್ತೀರಿ, ಹೋಲಿಸಿ. ಬಾಹುಬಲಿ ಎಂದರೆ ಶ್ರವಣಬೆಳಗೊಳ ಎಂದಷ್ಟೇ ತಿಳಿದಿರುವ ಮಕ್ಕಳಿಗೆ, ಅದು 981ರ ಸುಮಾರಿನದು, ಇವು ಅದಕ್ಕಿಂತ ಮೂರು ಶತಮಾನ ಹಳೆಯವು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊಬೈಲಿನ ಟಾರ್ಚನ್ನು ಎದುರಿನಿಂದಲ್ಲ, ಪಕ್ಕದಿಂದ ಹಿಡಿಯಿರಿ.

ಊರೊಳಗಿನ ಚರಂತಿಮಠದ ಬಸದಿಗಳು ಹನ್ನೆರಡನೇ ಶತಮಾನದವು, ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಜೋಡಿ ಗುಡಿಗಳಿಗೆ ಒಂದೇ ಮೊಗಸಾಲೆ, ಒಂದೊಂದು ಬಾಗಿಲ ಮೇಲೂ ಹನ್ನೆರಡು ತೀರ್ಥಂಕರರು. ಎಣಿಸುವ ಕೆಲಸ ಚಿಕ್ಕವರಿಗೆ ಬಿಡಿ.

ಪಟ್ಟದಕಲ್ಲಿನಲ್ಲೂ ಹೀಗೇ ತಪ್ಪಿಹೋಗುವ ಒಂದು ಬಸದಿಯಿದೆ. ರಾಷ್ಟ್ರಕೂಟರ ಕಾಲದ ಜೈನ ನಾರಾಯಣ ಗುಡಿ ಮುಖ್ಯ ಆವರಣದಲ್ಲಿಲ್ಲ, ಬಾದಾಮಿ ರಸ್ತೆಯಲ್ಲಿ ಸುಮಾರು ಒಂದು ಕಿ.ಮೀ. ಹಿಂದೆ ಇದೆ. ಚಾಲಕರಿಗೆ ಹೊರಡುವಾಗಲೇ ಹೇಳಿರದಿದ್ದರೆ ಗಾಡಿ ಅದನ್ನು ದಾಟಿಯೇ ಹೋಗುತ್ತದೆ.

ಟಿಕೆಟಿನ ವಿಷಯ ವಿದೇಶದಿಂದ ಬರುವ ನಮ್ಮವರಿಗೆ ಹೆಚ್ಚು ಸಂಬಂಧಪಟ್ಟದ್ದು. ಪಟ್ಟದಕಲ್ಲಿನಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಐಹೊಳೆಯ ದುರ್ಗ ಗುಡಿ ಆವರಣಕ್ಕೆ 25 ಮತ್ತು 300. ಮಾರ್ಚ್ 2021ರ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರಕಾರ ಸ್ಮಾರಕಗಳ ಪ್ರವೇಶ ಶುಲ್ಕದಲ್ಲಿ ಒಸಿಐ ಕಾರ್ಡಿನವರು, ಅಂದರೆ ವಿದೇಶಿ ಪೌರತ್ವದ ಭಾರತೀಯ ಮೂಲದವರು, ಭಾರತೀಯರಿಗೆ ಸಮಾನರು. ಕಾರ್ಡನ್ನೇ ಕೈಯಲ್ಲಿಟ್ಟುಕೊಂಡು ಹೋಗಿ, ಸೂಟ್‌ಕೇಸಿನಲ್ಲಿ ಬಿಟ್ಟು ಬಂದು ಕೌಂಟರಿನಲ್ಲಿ ವಾದಿಸಿದರೆ ಪ್ರಯೋಜನವಿಲ್ಲ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಐಹೊಳೆಯಲ್ಲಿ ಊಟದ ನಂಬಿಕೆ ಇಟ್ಟುಕೊಳ್ಳಬೇಡಿ. ಬಾದಾಮಿಯ ಖಾನಾವಳಿಯಲ್ಲಿ ಹಿಂದಿನ ರಾತ್ರಿಯೇ ಹೇಳಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿಯ ಬುತ್ತಿ ಕಟ್ಟಿಸಿಕೊಳ್ಳಿ. ಮೊಸರು ಮಾತ್ರ ಬೇಡ, ಕಾರಿನೊಳಗೆ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿರುತ್ತದೆ.

ಬೆಳಗಾವಿ ವಿಮಾನ ನಿಲ್ದಾಣದ ಮೂಲಕ ಬರುವವರು ಕೋಟೆಯೊಳಗಿನ ಕಮಲ ಬಸದಿಗೆ ಒಂದು ಗಂಟೆ ಹೊಂದಿಸಿಕೊಳ್ಳಬಹುದು. ರಟ್ಟ ವಂಶದ ದೊರೆ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ನೇಮಿನಾಥನ ಮೂರ್ತಿಯನ್ನು ನೋಡಿ ಹಾಗೇ ಹಿಂತಿರುಗದೆ, ಮಂಟಪದ ನಡುವೆ ನಿಂತು ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನೂ ನೋಡಿ. ಕೋಟೆಯೊಳಗೆ ಸೇನೆಯ ನೆಲೆಯೂ ಇರುವುದರಿಂದ ಗುರುತಿನ ಚೀಟಿ ಜೇಬಿನಲ್ಲಿರಲಿ.